ಕತ್ತಿಗೆ ಕಟ್ಟಿದ ದಾರ

ಗ್ರೇಸಿ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದಳು. ಕೋಕಿಲಾ ಕತ್ತಿಗೆ ಕಟ್ಟಿಕೊಳ್ಳುತ್ತಿದ್ದಳು. ಅಂಗಡಿ ಒಂದೇ, ದಾರದ ಉಂಡೆ ಒಂದೇ, ಕೆಲಸವೂ ಒಂದೇ. ಕೊಚ್ಚಿಯ ಕಲೂರ್ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿದ್ದ ಆ ಬ್ಯೂಟಿ ಪಾರ್ಲರಿಗೆ ಬರುವ ಹೆಂಗಸರ ಹುಬ್ಬು ತೀಡಬೇಕು, ಮೇಲ್ದುಟಿಯ ಕೂದಲು ತೆಗೆಯಬೇಕು, ಕಾಲಿಗೆ ಬಿಸಿ ಮೇಣ ಬಳಿದು ಕೀಳಬೇಕು, ಹಿಮ್ಮಡಿಯ ಸತ್ತ ಚರ್ಮ ಉಜ್ಜಬೇಕು. ಬೆಳಿಗ್ಗೆ ನಿಂತರೆ ಸಂಜೆಯವರೆಗೆ ನಿಂತೇ ಇರಬೇಕು.

ಹುಬ್ಬು ಮಾಡುವವಳಿಗೆ ಮೂರು ಕೈ ಬೇಕು. ದೇವರು ಕೊಟ್ಟಿರುವುದು ಎರಡು. ಹಾಗಾಗಿ ಮೂರನೆಯ ಕೈಯ ಕೆಲಸವನ್ನು ಬಾಯಿ ಮಾಡುತ್ತದೆ. ದಾರದ ಒಂದು ತುದಿಯನ್ನು ಹಲ್ಲಲ್ಲಿ ಹಿಡಿದು, ಉಳಿದದ್ದನ್ನು ಬೆರಳುಗಳಿಗೆ ಸುತ್ತಿ, ನಡುವೆ ತಿರುಚಿ ಎಳೆದರೆ ಕೂದಲು ಬುಡಸಮೇತ ಬರುತ್ತದೆ. ಊರಲ್ಲೆಲ್ಲ ಹೀಗೇ ಮಾಡುತ್ತಾರೆ. ಕೋಕಿಲಾಳೂ ಮೊದಮೊದಲು ಹೀಗೇ ಮಾಡುತ್ತಿದ್ದಳು.

ಪಾರ್ಲರಿನ ಒಡತಿ ಪ್ರೇಮಾ ಮೇಡಂ ಮೈಸೂರಿನವರು. ಗಂಡನಿಗೆ ಕೇಂದ್ರ ಸರ್ಕಾರದ ದೊಡ್ಡ ನೌಕರಿ, ವರ್ಗವಾಗಿ ಬಂದು ವಿಲ್ಲಿಂಗ್ಡನ್ ಐಲ್ಯಾಂಡಿನ ಪೋರ್ಟ್ ಕ್ವಾರ್ಟರ್ಸಿನಲ್ಲಿದ್ದರು. ಅದೇ ಕ್ವಾರ್ಟರ್ಸಿನ ಮೆಟ್ಟಿಲು, ಚರಂಡಿ, ಕಕ್ಕಸು ತೊಳೆಯುವವನು ಕೋಕಿಲಾಳ ಅಪ್ಪ ಲಕ್ಷ್ಮಣ. ಕೊಳ್ಳೇಗಾಲದ ಕಡೆಯ ಹೊಲಗೇರಿಯಿಂದ ಯಾವನೋ ಗುತ್ತಿಗೆದಾರನ ಹಿಂದೆ ಬಂದವನು ಇಲ್ಲೇ ಬೇರು ಬಿಟ್ಟಿದ್ದ. ಅವ್ವ ಚಂದ್ರಮ್ಮ ಸಿಗಡಿ ಸುಲಿಯುವ ಶೆಡ್ಡಿಗೆ ಹೋಗುತ್ತಿದ್ದಳು. ಮಂಜುಗಡ್ಡೆಯಲ್ಲಿ ಕೈಯಾಡಿಸಿ ಆಡಿಸಿ ಅವಳ ಬೆರಳ ತುದಿಗಳು ಬೆಳ್ಳಗೆ ಬಿರಿದುಹೋಗಿದ್ದವು. ಕ್ವಾರ್ಟರ್ಸಿನ ಹಿಂದಿನ ಸಾಲುಮನೆಯಲ್ಲಿ ಒಂದೇ ಕೋಣೆಯಲ್ಲಿ ಮೂವರೂ ಇದ್ದರು.

"ಲಕ್ಷ್ಮಣನ ಮಗಳು ಚುರುಕಾಗಿದಾಳೆ, ಕನ್ನಡಾನೂ ಬರತ್ತೆ" ಎಂದು ಪ್ರೇಮಾ ಮೇಡಮ್ಮೇ ಅವಳನ್ನು ಕೆಲಸಕ್ಕೆ ಕರೆದಿದ್ದರು. ಅವರದು ದೊಡ್ಡ ಮನಸ್ಸೆಂದು ಲಕ್ಷ್ಮಣ ಕೈಮುಗಿದಿದ್ದ.

ಮಲಯಾಳಿ ಹೆಂಗಸರಿಗೆ ಅವಳು ಕನ್ನಡದ ಹುಡುಗಿ, ಅಷ್ಟೇ. ಅವಳು ಏನು ಎತ್ತ ಎಂದು ತಿಳಿಯಲು ಕನ್ನಡದವರೇ ಬರಬೇಕಾಯಿತು. ಊರು ಬಿಟ್ಟು ಇಷ್ಟು ದೂರ ಬಂದವರು ಉಪ್ಪಿನಕಾಯಿ ಭರಣಿಯ ಜೊತೆ ಜಾತಿಯನ್ನೂ ಜೋಪಾನವಾಗಿ ಕಟ್ಟಿಕೊಂಡು ಬಂದಿದ್ದರು. ಕ್ವಾರ್ಟರ್ಸಿನ ಮೂರನೇ ಬ್ಲಾಕಿನ ಆಂಟಿಯೊಬ್ಬರು ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದವರು ತಟಕ್ಕನೆ ಎದ್ದು ಕೂತರು.

"ಪ್ರೇಮಾ, ಇವಳು ಲಕ್ಷ್ಮಣನ ಮಗಳಲ್ವಾ? ಇವಳ ಎಂಜಲು ದಾರ ನನ್ನ ಮುಖಕ್ಕೆ ಬೇಡಮ್ಮ."

ಮರುದಿನ ಪ್ರೇಮಾ ಮೇಡಂ ಕೋಕಿಲಾಳನ್ನು ಒಳಗೆ ಕರೆದರು. "ತಪ್ಪು ತಿಳ್ಕೋಬೇಡ. ಇನ್ಮೇಲೆ ದಾರ ಕತ್ತಿಗೆ ಕಟ್ಕೊಂಡು ಮಾಡು. ಬಾಂಬೆಯಲ್ಲೆಲ್ಲ ಹಾಗೇ ಮಾಡ್ತಾರೆ. ಹೈಜೀನ್."

ಗ್ರೇಸಿಯ ಬಾಯಿಗೆ ಮಾತ್ರ ಹೈಜೀನ್ ಬೇಕಿರಲಿಲ್ಲ.

ಕತ್ತಿಗೆ ಕಟ್ಟಿದ ದಾರ ಹಲ್ಲಲ್ಲಿ ಹಿಡಿದ ದಾರದಂತಲ್ಲ. ಹಲ್ಲು ನೋಯುವುದಿಲ್ಲ, ಕತ್ತು ಕೊಯ್ಯುತ್ತದೆ. ಪ್ರತಿ ಎಳೆತಕ್ಕೂ ತಲೆ ಹಿಂದಕ್ಕೆ ಬಾಗಬೇಕು, ಮತ್ತೆ ಮುಂದಕ್ಕೆ ಬರಬೇಕು. ಹದಿನೈದು ದಿನದಲ್ಲಿ ಕೋಕಿಲಾಳ ಕತ್ತಿನ ಸುತ್ತ ತೆಳ್ಳನೆಯ ಗೆರೆಯೊಂದು ಮೂಡಿತು. ಒಣಗುವಷ್ಟರಲ್ಲಿ ಮತ್ತೆ ಕೊಯ್ಯುತ್ತಿತ್ತು. ಬೆವರು ಬಿದ್ದರೆ ಉರಿ. ಅಪ್ಪ ಕೇಳಿದಾಗ "ಈ ಕೆಲ್ಸದಲ್ಲಿ ಎಲ್ರಿಗೂ ಆಯ್ತದ ಕನಪ್ಪ" ಎಂದಿದ್ದಳು. ಅಪ್ಪನ ಮುಗಿದ ಕೈಗಳನ್ನು ಹೇಗೆ ಬಿಡಿಸುವುದು?

ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದುಹೋದ ಮರುವರ್ಷ ಅದು. ಎಲ್ಲಿ ನೋಡಿದರೂ ಸುಂದರಿಯರ ಹುಚ್ಚು. ತಿರುವನಂತಪುರದಲ್ಲಿ ಒಂದು ಸ್ಪರ್ಧೆ ಏರ್ಪಡಿಸುತ್ತಿದ್ದ ವಿನ್ಸೆಂಟ್ ಎಂಬ ಫೋಟೋಗ್ರಾಫರ್ ಪ್ರಾಯೋಜಕರನ್ನು ಹುಡುಕುತ್ತ ಪಾರ್ಲರಿಗೆ ಬಂದ. ಮಾತಾಡುತ್ತಿದ್ದವನು ಹಿಂದೆ ಸಿಂಕಿನಲ್ಲಿ ಟವೆಲು ಹಿಂಡುತ್ತಿದ್ದ ಕೋಕಿಲಾಳನ್ನು ನೋಡಿ ಮಾತು ನಿಲ್ಲಿಸಿದ.

"ಈ ಕುಟ್ಟಿ ಯಾರು?"

"ಇವಳಾ? ಕೆಲಸದವಳು" ಎಂದು ಪ್ರೇಮಾ ಮೇಡಂ ನಕ್ಕರು.

"ಎತ್ತರ ಇದೆ. ಮೂಗು, ಕಣ್ಣು, ನಿಲುವು ಎಲ್ಲ ಇದೆ. ಕಪ್ಪು, ಅಷ್ಟೇ."

ಆ "ಅಷ್ಟೇ" ಎಂಬ ಮಾತನ್ನು ಕೋಕಿಲಾ ಹುಟ್ಟಿದಂದಿನಿಂದ ಕೇಳುತ್ತಿದ್ದಳು. ಪ್ರೇಮಾ ಮೇಡಂ ಮೊದಲ ಬಾರಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಅವರ ತಂಗಿಯ ಮಗಳು ನಿಕಿತಾ ಹೇಗೂ ಆ ಸ್ಪರ್ಧೆಗೆ ನಿಲ್ಲುವವಳಿದ್ದಳು. ಜೊತೆಗೆ ಇವಳೂ ನಿಂತರೆ ಪಾರ್ಲರಿನ ಹೆಸರು ಮೇಲೇರುತ್ತದೆ. ಇಂಥವಳನ್ನೂ ಸುಂದರಿ ಮಾಡಿದ ಕೈ ಯಾರದ್ದು ಎಂದು ಜನ ಕೇಳುತ್ತಾರೆ. ಮೇಡಂ ಪ್ರಾಯೋಜಕರಾಗಲೂ, ಇವಳನ್ನು ನಿಲ್ಲಿಸಲೂ ಒಪ್ಪಿದರು. ಕೋಕಿಲಾಳನ್ನು ಯಾರೂ ಕೇಳಲಿಲ್ಲ.

ಕೇಳಿದ್ದರೂ ಅವಳು ಹೂಂ ಎನ್ನುತ್ತಿದ್ದಳು. ಕಿರೀಟದ ಆಸೆಗಲ್ಲ. ಹುಬ್ಬು ಮಾಡಿಸಿಕೊಳ್ಳುವವರು ಕಣ್ಣು ಮುಚ್ಚಿರುತ್ತಾರೆ. ಎಷ್ಟೋ ಕಾಲದಿಂದ ಅವಳು ಬಾಗಿ ಬಾಗಿ ಇನ್ನೊಬ್ಬರ ಮುಖ ನೋಡಿದ್ದಳು, ಅವಳ ಮುಖವನ್ನು ಯಾರೂ ನೋಡಿರಲಿಲ್ಲ. ಒಂದು ಸಲ, ಒಂದೇ ಒಂದು ಸಲ, ಬೆಳಕಿನಲ್ಲಿ ನಿಲ್ಲಬೇಕು. ಕೂತವರು ಕಣ್ಣು ತೆರೆದು ನೋಡಬೇಕು. ಅವಳಿಗೆ ಬೇಕಿದ್ದದ್ದು ಇಷ್ಟು.

ತಯಾರಿ ಶುರುವಾಯಿತು. ಗ್ರೇಸಿ ತನ್ನ ಮದುವೆಯ ಎತ್ತರದ ಹಿಮ್ಮಡಿಯ ಚಪ್ಪಲಿ ತಂದುಕೊಟ್ಟಳು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಎರಡು ಸಾಲು ಕುರ್ಚಿಗಳ ನಡುವೆ ನಡಿಗೆ. ಹೋಗಬೇಕು, ನಿಲ್ಲಬೇಕು, ತಿರುಗಬೇಕು, ನಗಬೇಕು. ಬೆಳಿಗ್ಗೆಯಿಂದ ನಿಂತು ಊದಿದ ಕಾಲು ಆ ಚಪ್ಪಲಿಯೊಳಗೆ ಹೋಗುತ್ತಲೇ ಇರಲಿಲ್ಲ. ತುರುಕಿಕೊಂಡು ನಡೆಯುತ್ತಿದ್ದಳು. ಕಿರುಬೆರಳಿನ ಚರ್ಮ ಸುಲಿದುಹೋಯಿತು. ಗ್ರೇಸಿ ಹತ್ತಿ ಇಟ್ಟು ಕಟ್ಟುತ್ತ "ಸಾರಮಿಲ್ಲ ಮೋಳೆ, ಪರವಾಗಿಲ್ಲ ಬಿಡು" ಎಂದು ಸಮಾಧಾನ ಹೇಳುತ್ತಿದ್ದಳು. ಸಂಜೆ ಮನೆಗೆ ಹೋಗುವಾಗ ದೋಣಿಯಲ್ಲಿ ಸೀಟು ಖಾಲಿಯಿದ್ದರೂ ಕೋಕಿಲಾ ಕೂರುತ್ತಿರಲಿಲ್ಲ. ಅಲುಗಾಡುವ ಹಲಗೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ನಿಂತಿರುತ್ತಿದ್ದಳು. ದಿನವಿಡೀ ಬಾಗಿದ ಬೆನ್ನು ನೆಟ್ಟಗಾಗಲು ಒಪ್ಪುತ್ತಿರಲಿಲ್ಲ.

ಮುಖಕ್ಕೆ ಬ್ಲೀಚು. ಪ್ರೇಮಾ ಮೇಡಂ ತಾವೇ ಕೈಗವಸು ಹಾಕಿಕೊಂಡು ಬಳಿಯುತ್ತಿದ್ದರು. ವಾಸನೆಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಕೆನ್ನೆಯ ಮೇಲೆ ಕೆಂಡ ಇಟ್ಟಂತೆ ಉರಿಯುತ್ತಿತ್ತು.

"ಉರಿತದೆ ಮೇಡಂ."

"ಉರಿದ್ರೇನೇ ಬಿಳಿ ಆಗೋದು. ಸ್ವಲ್ಪ ತಡ್ಕೊ. ಒಂದು ಶೇಡ್ ಇಳಿದ್ರೆ ಸಾಕು."

ಒಂದು ಶೇಡೇನೋ ಇಳಿಯಿತು. ಆದರೆ ಮುಖ ಒಂದು ಬಣ್ಣ, ಕೈ ಒಂದು ಬಣ್ಣ, ಕತ್ತು ಮತ್ತೊಂದು ಬಣ್ಣವಾಯಿತು. ಅವ್ವ ಮಗಳ ಗಲ್ಲ ಹಿಡಿದು ದೀಪದ ಕಡೆ ತಿರುಗಿಸಿದಳು. "ಇದ್ಯಾರ ಮುಖ್ವ ತಂದು ಅಂಟಿಸ್ಕಂಡಿದೀಯವ್ವ?" ಎಂದಳು. ಅವ್ವ ತಮಾಷೆಗೆ ಹೇಳಿದ್ದಲ್ಲ. ಕೋಕಿಲಾ ಗೋಡೆ ಕಡೆ ತಿರುಗಿ ಮಲಗಿದಳು.

ಪ್ರಶ್ನೆಗಳಿಗೆ ಉತ್ತರ ಬಾಯಿಪಾಠ ಮಾಡಿಸಲಾಯಿತು. ನಿಮ್ಮ ಆದರ್ಶ ಯಾರು? ಮಹಿಳೆಯರನ್ನು ಮುಂದೆ ತರುತ್ತಿರುವ ಪ್ರೇಮಾ ಮೇಡಂ. ನಿಮ್ಮ ತಂದೆ ಏನು ಮಾಡುತ್ತಾರೆ? "ಪೋರ್ಟಿನಲ್ಲಿದ್ದಾರೆ ಅನ್ನು. ಸುಳ್ಳೇನಲ್ವಲ್ಲ" ಎಂದರು ಮೇಡಂ. ಸುಳ್ಳೇನಲ್ಲ ನಿಜ. ಪೊರಕೆ ಹಿಡಿದ ಅಪ್ಪ ಆ ಮಾತಿನಲ್ಲಿ ಎಲ್ಲೂ ಕಾಣುತ್ತಿರಲಿಲ್ಲ.

ಉಡುಪು ಹಾಕಿ ನೋಡಿದ ದಿನ ಪ್ರೇಮಾ ಮೇಡಂ ಕನ್ನಡಿಯಲ್ಲಿ ಅವಳ ಕತ್ತು ನೋಡಿ ಹುಬ್ಬು ಗಂಟಿಕ್ಕಿದರು.

"ಏನೇ ಇದು ಗೆರೆ?"

ಕೋಕಿಲಾ ಕನ್ನಡಿಯಲ್ಲೇ ಅವರ ಕಣ್ಣು ನೋಡಿದಳು. "ದಾರದ್ದು ಮೇಡಂ."

"ಓ" ಎಂದರು ಮೇಡಂ. ಡ್ರಾಯರಿನಿಂದ ಮುತ್ತಿನ ಪಟ್ಟಿಯೊಂದನ್ನು ತೆಗೆದು ಅವಳ ಕತ್ತಿಗೆ ಬಿಗಿದರು. "ಇದು ಹಾಕಿದ್ರೆ ಮುಚ್ಚೋಗತ್ತೆ."

ಗೆರೆ ಮುಚ್ಚಿತು. ಪಟ್ಟಿಯ ಅಂಚು ಸರಿಯಾಗಿ ಗಾಯದ ಮೇಲೇ ಕೂತಿತು.

ತಿರುವನಂತಪುರದ ರೈಲು ಹತ್ತಿದ ದಿನ ಲಕ್ಷ್ಮಣ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಕಿಟಕಿಯ ಸರಳು ಹಿಡಿದು "ಹೆದ್ರಬೇಡ ಕನವ್ವ, ನೆಟ್ಟಗೆ ನಿಂತ್ಕ" ಎಂದ. ಪ್ರೇಮಾ ಮೇಡಂ ಬೇರೆ ಬೋಗಿಯಲ್ಲಿದ್ದರು.

ಸ್ಟೇಷನ್ನಿನ ಎದುರಿಗೇ, ತಂಪಾನೂರಿನ ಲಾಡ್ಜೊಂದರಲ್ಲಿ ಹುಡುಗಿಯರಿಗೆ ಕೋಣೆ. ಮೇಡಂ ತಂಗಿಯ ಮನೆಗೆ ಹೋದರು. ತಂಗಿಯ ಗಂಡ ಬಾಹ್ಯಾಕಾಶ ಸಂಸ್ಥೆಯ ವಿಜ್ಞಾನಿ. ಆ ಮಧ್ಯಾಹ್ನ, ಸ್ಪರ್ಧೆ ನಡೆಯಲಿದ್ದ ಹೋಟೆಲಿನ ಸಭಾಂಗಣದಲ್ಲಿ ರಿಹರ್ಸಲ್ ನಡೆಯಿತು. ವಿನ್ಸೆಂಟ್ ಕೋಕಿಲಾಳ ಎದೆಗೆ ಹನ್ನೊಂದು ಎಂದು ಬರೆದ ಬಿಲ್ಲೆ ಚುಚ್ಚಿದ. ಅವಳು ನಡೆದಳು. ನಿಂತಳು. ತಿರುಗಿದಳು. ಕುರ್ಚಿ ಜೋಡಿಸುತ್ತಿದ್ದ ಕೆಲಸದವರು ಕೈಲಿದ್ದ ಕುರ್ಚಿಯನ್ನು ಹಾಗೇ ಹಿಡಿದು ನೋಡುತ್ತಿದ್ದರು. ಅವಳ ಬೆನ್ನು ಆ ದಿನ ತಾನಾಗಿ ನೆಟ್ಟಗಾಯಿತು. "ಕೊಳ್ಳಾಂ, ಚೆನ್ನಾಗಿದೆ" ಎಂದ ವಿನ್ಸೆಂಟ್. ಅಂದು ಅವಳು ಹೊಟ್ಟೆ ತುಂಬ ಪುಟ್ಟು ತಿಂದಳು. ಸಂತೋಷ ಆಗಿತ್ತು, ನಿಜವಾದ ಸಂತೋಷ.

ಮರುದಿನ ಸಂಜೆ ಸ್ಪರ್ಧೆ. ಮಧ್ಯಾಹ್ನ ಅಲಂಕಾರದ ಕೋಣೆಗೆ ಪ್ರೇಮಾ ಮೇಡಂ ನಿಕಿತಾಳನ್ನು ಕರೆದುಕೊಂಡು ಬಂದರು. ಕೈಯಲ್ಲಿ ಪಾರ್ಲರಿನ ಪೆಟ್ಟಿಗೆ. ತೆರೆದರೆ ಪೌಡರು, ಹತ್ತಿ, ದಾರದ ಉಂಡೆ.

"ಕೋಕಿಲಾ, ಇವರದ್ದೆಲ್ಲ ಹುಬ್ಬು ಮುಗಿಸ್ಬಿಡು. ಆಮೇಲೆ ನೀನು ರೆಡಿಯಾಗು."

"ನಾನಾ ಮೇಡಂ?"

"ಮತ್ಯಾರು? ನಮ್ಮ ಪಾರ್ಲರ್ ಕಡೆಯಿಂದ ಫ್ರೀ ಸರ್ವೀಸ್ ಅಂತ ಒಪ್ಕೊಂಡಿದೀನಲ್ಲ."

ಆಗ ಗೊತ್ತಾಯಿತು. ಅವಳು ಬಂದದ್ದು ಹನ್ನೊಂದನೇ ಸುಂದರಿಯಾಗಿ ಮಾತ್ರವಲ್ಲ, ಉಳಿದವರ ಹುಬ್ಬು ತೀಡುವ ಕೈಯಾಗಿಯೂ ಬಂದಿದ್ದಳು. ನಿನ್ನೆ ಅವಳ ಪಕ್ಕದಲ್ಲಿ ನಡೆದ ಹುಡುಗಿಯರು ಒಬ್ಬೊಬ್ಬರಾಗಿ ಕುರ್ಚಿಗೆ ಒರಗಿದರು. ಕಣ್ಣು ಮುಚ್ಚಿದರು. ಕೋಕಿಲಾ ಮುತ್ತಿನ ಪಟ್ಟಿಯನ್ನು ಕೆಳಕ್ಕೆ ಸರಿಸಿ ದಾರ ಕಟ್ಟಿಕೊಂಡಳು. ಎದೆಯ ಮೇಲೆ ಹನ್ನೊಂದರ ಬಿಲ್ಲೆ. ಬಾಗಿದಳು, ಎಳೆದಳು. ಬಾಗಿದಳು, ಎಳೆದಳು. ಒಬ್ಬಳ ಹಿಂದೆ ಒಬ್ಬಳು. ಕಾಲು ಸೋತಿತು. ಕತ್ತಿನ ಹಳೆಯ ಗಾಯ ಬಾಯಿಬಿಟ್ಟಿತು. ಕೋಣೆಯ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಸಾಕಾಗಿತ್ತು ಅವಳಿಗೆ. ಸಿಟ್ಟು ಬರಲೂ ಶಕ್ತಿ ಬೇಕು, ಅದೂ ಇರಲಿಲ್ಲ.

ಕೊನೆಗೆ ನಿಕಿತಾ ಕೂತಳು. ಎಡಗಡೆಯ ಹುಬ್ಬು ಮುಗಿಯಿತು. ಬಲಗಡೆಗೆ ಬಾಗುವಾಗ ನಿಕಿತಾ ಕಣ್ಣು ತೆರೆದಳು. ದಾರದ ಮೇಲೆ ಒಂದು ಕೆಂಪು ಹನಿ ಇಳಿದುಬರುತ್ತಿತ್ತು.

"ಅಯ್ಯೋ, ಚೋರ! ದೊಡ್ಡಮ್ಮಾ, ಚೋರ!" ಎಂದು ಮಲಯಾಳದಲ್ಲಿ ಕಿರುಚಿದಳು. ಚೋರ ಎಂದರೆ ರಕ್ತ.

ಪ್ರೇಮಾ ಮೇಡಂ ಓಡಿಬಂದರು. ಮೊದಲು ನಿಕಿತಾಳ ಮುಖ ನೋಡಿದರು, ಅಲ್ಲೇನೂ ಇರಲಿಲ್ಲ. ಆಮೇಲೆ ಕೋಕಿಲಾಳ ಕತ್ತು ನೋಡಿದರು.

"ಥೂ, ಏನೇ ಇದು ಹೊತ್ತಲ್ಲದ ಹೊತ್ತಲ್ಲಿ! ಬೇರೆ ದಾರ ತಗೊ. ಕತ್ತಿಗೊಂದು ಬಟ್ಟೆ ಇಟ್ಕೊಂಡು ಅದರ ಮೇಲೆ ಕಟ್ಕೊ. ಬೇಗ."

ಕೋಕಿಲಾ ಹಳೆಯ ದಾರ ಬಿಚ್ಚಿದಳು. ಉಂಡೆಯಿಂದ ಹೊಸ ದಾರ ಎಳೆದು ತುಂಡರಿಸಿದಳು. ತುದಿಯನ್ನು ಬಾಯಿಗೆ ಒಯ್ದು ಹಲ್ಲಲ್ಲಿ ಕಚ್ಚಿದಳು. ಎಷ್ಟು ಕಾಲವಾಗಿತ್ತು. ಹತ್ತಿಯ ರುಚಿ ನಾಲಗೆಗೆ ನೆನಪಿತ್ತು.

"ಏ! ಬಾಯಿಂದ ತೆಗಿ ಅದನ್ನ."

ಕೋಕಿಲಾ ತೆಗೆದಳು, ಮಾತಾಡುವುದಕ್ಕೆ. "ಗ್ರೇಸಿ ಬಾಯಲ್ಲೇ ಇಟ್ಕೊಳದು ಮೇಡಂ."

"ಗ್ರೇಸಿ ಬೇರೆ, ನೀನು ಬೇರೆ."

"ಏನ್ ಬೇರೆ? ಬಾಯ್ಬುಟ್ಟು ಹೇಳಿ."

ಕನ್ನಡ ತಿಳಿಯದ ಹುಡುಗಿಯರಿಗೂ ಏನೋ ನಡೆಯುತ್ತಿದೆ ಎಂದು ತಿಳಿಯಿತು. ಮೇಡಂ ಬಾಯಿಬಿಟ್ಟು ಹೇಳಲಿಲ್ಲ. ಅಂಥವರು ಎಂದೂ ಬಾಯಿಬಿಟ್ಟು ಹೇಳುವುದಿಲ್ಲ.

"ನೋಡು, ನಿನ್ನ ಇಲ್ಲಿವರೆಗೂ ತಂದವಳು ನಾನು. ಹೇಳಿದ ಹಾಗೆ ಮಾಡಿದ್ರೆ ಸ್ಟೇಜು. ಇಲ್ದಿದ್ರೆ ಬಿಲ್ಲೆ ಬಿಚ್ಚಿಟ್ಟು ಹೋಗ್ತಾ ಇರು."

"ಬಾಯಲ್ಲಿಟ್ಕಂಡು ಮಾಡ್ತೀನಿ. ಇಲ್ಲಾಂದ್ರೆ ಮಾಡಲ್ಲ."

ಮೇಡಂ ವಿನ್ಸೆಂಟನನ್ನು ಕರೆಸಿದರು. ಪ್ರಾಯೋಜಕರ ಮಾತು ಮೀರುವ ಗಂಡಸಾಗಿರಲಿಲ್ಲ ಅವನು. "ಸಾರಿ ಕುಟ್ಟಿ" ಎಂದು ನೆಲ ನೋಡುತ್ತ ಹನ್ನೊಂದರ ಬಿಲ್ಲೆ ಬಿಚ್ಚಿಕೊಂಡ. ಪಿನ್ನು ಚುಚ್ಚಿದ್ದ ಜಾಗದಲ್ಲಿ ಎರಡು ತೂತು ಉಳಿದವು.

ಬಲಗಡೆಯ ಹುಬ್ಬನ್ನು ಮೇಡಂ ತಾವೇ ಮಾಡಲು ಹೋದರು. ಬೇರೆಯವರಿಂದ ಮಾಡಿಸಿ ಮಾಡಿಸಿ ಕೈ ತಪ್ಪಿಹೋಗಿತ್ತು. ಚರ್ಮ ಹಿಡಿಯಿತು. ನಿಕಿತಾ ಚೀರಿ ಅವರ ಕೈ ತಳ್ಳಿದಳು. "ದೊಡ್ಡಮ್ಮಾ, ಮತಿ! ಆ ಚೇಚಿ ಚೆಯ್ಯಟ್ಟೆ." ಸಾಕು, ಆ ಅಕ್ಕನೇ ಮಾಡಲಿ ಎಂದಳು. ಅವಳಿಗೆ ಎಂಜಲಿನ ಚಿಂತೆ ಇರಲಿಲ್ಲ, ಹುಬ್ಬಿನ ಚಿಂತೆ ಇತ್ತು. ಹೊರಗೆ ಮೈಕಿನಲ್ಲಿ ಹಾಡು ಶುರುವಾಗಿತ್ತು.

ಪ್ರೇಮಾ ಮೇಡಂ ಕೋಕಿಲಾಳ ಹತ್ತಿರ ಬಂದರು. ದನಿ ತಗ್ಗಿಸಿದರು. ಹೆಗಲ ಮೇಲೆ ಕೈಯಿಡಲು ಹೋಗಿ ಇಡಲಿಲ್ಲ.

"ಆಯ್ತು ಮಾರಾಯ್ತಿ. ಬಾಯಲ್ಲೇ ಇಟ್ಕೊ. ಅಲ್ಲಿ ಬಾತ್‌ರೂಮ್ ಪಕ್ಕ ಒಂದು ರೂಮಿದೆ. ಬಾಗಿಲು ಹಾಕ್ಕೊಂಡು ಮಾಡು, ಯಾರೂ ನೋಡಲ್ಲ. ನಿನ್ನ ಬಿಲ್ಲೆ ಈಗಲೇ ವಾಪಸ್ ಕೊಡಿಸ್ತೀನಿ. ಸ್ಟೇಜ್ ಹತ್ತು."

ಹೂಂ ಎಂದುಬಿಡಬಹುದಿತ್ತು. ಒಂದು ಹುಬ್ಬು, ಎಷ್ಟು ಹೊತ್ತಿನ ಕೆಲಸ? ಬಾಗಿಲು ಹಾಕಿದರೆ ಏನಾಯಿತು? ಆಮೇಲೆ ಬೆಳಕು, ಹಲಗೆ, ನಡಿಗೆ. ಅಪ್ಪ ನೆಟ್ಟಗೆ ನಿಂತ್ಕ ಎಂದಿದ್ದ. ಅವಳಿಗೆ ಆ ಸ್ಟೇಜು ಬೇಕಿತ್ತು. ಈಗಲೂ ಬೇಕಿತ್ತು. ಹೊಟ್ಟೆಯೊಳಗಿಂದ ಬೇಕಿತ್ತು.

"ಬಾಗ್ಲು ತಗ್ದಿರ್ಲಿ ಮೇಡಂ" ಎಂದಳು. "ಇಲ್ಲೇ ಮಾಡ್ತೀನಿ. ಎಲ್ರೆದ್ರಿಗೆ."

ಪ್ರೇಮಾ ಮೇಡಂ ತಿರುಗಿ ನೋಡಿದರು. ತೆರೆದ ಬಾಗಿಲಾಚೆ ಅವರ ತಂಗಿ, ತಂಗಿಯ ಕಾಲನಿಯ ಕನ್ನಡದ ಹೆಂಗಸರು, ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದು ನಿಂತಿದ್ದರು. ಕೊಚ್ಚಿಯ ಮೂರನೇ ಬ್ಲಾಕಿನ ಆಂಟಿಯೂ ಬಂದಿದ್ದರು.

"ಅದಾಗಲ್ಲ."

"ಹಂಗಾರೆ ನಂಗೂ ಆಗಲ್ಲ."

ಕೋಕಿಲಾ ಮುತ್ತಿನ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಳು. ಒಂದೆರಡು ಮುತ್ತು ಕೆಂಪಾಗಿದ್ದವು. ತುಂಡರಿಸಿದ ದಾರವನ್ನು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಗ್ರೇಸಿಯ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ರೇಷ್ಮೆ ಸೀರೆಗಳ ನಡುವೆ ಬರಿಗಾಲಲ್ಲಿ ನಡೆದಳು. ಕತ್ತು ಮುಚ್ಚಿಕೊಳ್ಳಲಿಲ್ಲ. ಅವರು ದಾರಿ ಬಿಟ್ಟರು. ಗೌರವಕ್ಕಲ್ಲ, ತಗುಲಬಾರದೆಂದು. ಹಿಂದೆ ಯಾರೋ ನಿಕಿತಾಳ ಕೂದಲನ್ನು ಬಲಗಣ್ಣಿನ ಮೇಲೆ ಇಳಿಬಿಟ್ಟು ಬಾಚುತ್ತಿದ್ದರು.

ಹೋಟೆಲಿನ ಗೇಟು ದಾಟುವವರೆಗೂ ಮೈಕಿನ ಸದ್ದು ಕೇಳುತ್ತಿತ್ತು. ಕೋಕಿಲಾ ಗೇಟಿನ ಹೊರಗೆ ನಿಂತಳು. ಅಲ್ಲಿಂದ ಹೋಗಲು ಕಾಲು ಬರಲಿಲ್ಲ. ಹುಡುಗಿಯರನ್ನು ಒಬ್ಬೊಬ್ಬರಾಗಿ ಕರೆಯುತ್ತಿದ್ದರು. ಹತ್ತಾದ ಮೇಲೆ ಹನ್ನೆರಡನ್ನು ಕರೆದರು. ಜನ ಚಪ್ಪಾಳೆ ತಟ್ಟಿದರು. ನಡುವೆ ಒಂದು ಸಂಖ್ಯೆ ಬಿಟ್ಟುಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಅವಳು ಅತ್ತಳು. ಅಳಲಿಲ್ಲ ಎಂದು ಬರೆದರೆ ಅದು ಸುಳ್ಳು. ತಂಪಾನೂರಿನ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಹಾಲಿಲ್ಲದ ಕಟ್ಟನ್ ಚಾಯ ಕುಡಿಯುತ್ತ, ಬೆಳಗಿನ ರೈಲು ಬರುವವರೆಗೂ ಆಗಾಗ ಅತ್ತಳು.

ಐಲ್ಯಾಂಡಿನ ಮನೆ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಅವ್ವ ಶೆಡ್ಡಿನಿಂದ ಆಗಷ್ಟೇ ಬಂದಿದ್ದಳು. ಅಪ್ಪ ಹೊಸ್ತಿಲಲ್ಲಿ ಕೂತಿದ್ದ.

"ಗೆದ್ಯಾ ಮಗ?"

"ಮೆಟ್ಲೇ ಹತ್ನಿಲ್ಲ ಕನಪ್ಪ."

ಎಲ್ಲ ಹೇಳಿದಳು. ಮೂರನೇ ಬ್ಲಾಕಿನ ಆಂಟಿಯಿಂದ ಹಿಡಿದು ಹೇಳಿದಳು. ಲಕ್ಷ್ಮಣನ ಮುಖ ಬಾಡಿತು. "ಅಮ್ಮಾವ್ರ್ಗೆ ಹಂಗಂದ್ಬುಟ್ಯಾ? ನಾಳೆ ಅವ್ರ ಮೆಟ್ಲು ತೊಳ್ಯಕ್ಕೆ ನಾನೇ ಹೋಗ್ಬೇಕಲ್ಲವ್ವ" ಎಂದ. ಆಮೇಲೆ ಮಗಳ ಕತ್ತು ನೋಡಿದ. ಬಹಳ ಹೊತ್ತು ನೋಡಿದ. ಎಲ್ಲರಿಗೂ ಆಗುವ ಗಾಯ ಇದಲ್ಲವೆಂದು ಅವನಿಗೆ ಈಗ ಗೊತ್ತಾಗಿತ್ತು.

ಕೋಕಿಲಾ ಕೈಚೀಲ ಬಿಡಿಸಿದಳು. ತುಂಡರಿಸಿದ ಹೊಸ ದಾರ ಅದರಲ್ಲೇ ಉಳಿದಿತ್ತು.

"ಅವ್ವಾ, ಬಾ ಇಲ್ಲಿ. ಹೊಸ್ಲಲ್ಲಿ ಕೂತ್ಕ."

"ನಂಗ್ಯಾಕವ್ವ ಅದೆಲ್ಲ? ಸಿಗಡಿ ನಾತ ಹೊಡಿತಾವ್ನಿ."

"ಕೂತ್ಕ ಅಂದ್ನಲ್ಲ."

ಚಂದ್ರಮ್ಮ ನಾಚುತ್ತ ಕೂತಳು. ಆ ಮುಖವನ್ನು ಅಲಂಕಾರಕ್ಕೆಂದು ಯಾರೂ ಎಂದೂ ಮುಟ್ಟಿರಲಿಲ್ಲ. ಕೋಕಿಲಾ ದಾರವನ್ನು ಹಲ್ಲಲ್ಲಿ ಕಚ್ಚಿ ಅವ್ವನ ಮೇಲೆ ಬಾಗಿದಳು. ಸಮುದ್ರದ ಗಾಳಿಗೆ ಬಾಗಿಲು ಮುಚ್ಚಿಕೊಳ್ಳತೊಡಗಿತು. ಲಕ್ಷ್ಮಣ ಎದ್ದ. ಅಂಗಳದಿಂದ ಒಂದು ಕಲ್ಲು ತಂದು ಬಾಗಿಲಿಗೆ ಒತ್ತಿಟ್ಟ. ಬಾಗಿಲು ಪೂರ್ತಿ ತೆರೆದು ನಿಂತಿತು.

ಎದುರಿನ ರಸ್ತೆಯಲ್ಲಿ ಕ್ವಾರ್ಟರ್ಸಿನ ಹೆಂಗಸರು ಸಂಜೆಯ ವಾಕಿಂಗ್ ಹೊರಟಿದ್ದರು. ಇಬ್ಬರು ನಿಂತು ನೋಡಿದರು. ಲಕ್ಷ್ಮಣ ಅವರಿಗೆ ಎಂದಿನಂತೆ ಕೈಮುಗಿಯಲಿಲ್ಲ. ಕೋಕಿಲಾ ತಲೆಯೆತ್ತಲಿಲ್ಲ. ಚಂದ್ರಮ್ಮ ಕಣ್ಣು ಮುಚ್ಚಿರಲಿಲ್ಲ. ಕಣ್ಣು ಬಿಟ್ಟುಕೊಂಡು, ನೀರು ಸುರಿಸಿಕೊಂಡು, ಮಗಳ ಮುಖವನ್ನೇ ನೋಡುತ್ತಿದ್ದಳು.

"ಉರೀತದ ಕನವ್ವ. ಒಂದೇ ಸಾಕು ಬುಡು."

ಕೋಕಿಲಾ ಬಾಯಿಂದ ದಾರ ತೆಗೆದು ಉಸಿರು ಬಿಟ್ಟಳು.

"ಅಲ್ಲಾಡ್ಬೇಡ. ಇನ್ನೊಂದೂ ಮಾಡ್ತೀನಿ" ಎಂದು ಮತ್ತೆ ಕಚ್ಚಿ ಹಿಡಿದಳು.